ವಾರದ ಹೆಸರಿನ ಕೋಣೆಗಳು

ಮಕ್ಕಳೇ, ಕೋಟೆಯೊಳಗೆ ಮಲಗಿ ಏಳುವ ಆಸೆ ನಿಮಗಿದೆಯೇ?

ಕೆಲವು ವರ್ಷಗಳ ಹಿಂದೆ ಮೊಮ್ಮಗನನ್ನು ಕರೆದುಕೊಂಡು ತೇರೆಖೋಲಿಗೆ ಹೋಗಿದ್ದೆ. ನಮ್ಮ ಅಲಖನೂರಿನಿಂದ ಸಂಕೇಶ್ವರ, ಆಜರಾ ದಾಟಿ, ಅಂಬೋಲಿ ಘಾಟ ಇಳಿದು ಸಾವಂತವಾಡಿ ಮೇಲೆ ಹೋಗಬೇಕು. ತೇರೆಖೋಲ ನದಿ ಸಮುದ್ರ ಸೇರುವಲ್ಲಿ, ಗುಡ್ಡದ ಮೇಲೆ ಆ ಕೋಟೆ ಇದೆ. ಊರು ಗೋವಾದ್ದು. ಆದರೆ ಗೋವಾದ ಉಳಿದ ಭಾಗವೆಲ್ಲ ನದಿಯ ಆಚೆ ದಂಡೆಗೆ. ಕೇರಿಯಿಂದ ಬರುವವರು ಫೆರಿ ಹತ್ತುತ್ತಾರೆ.

17ನೆಯ ಶತಮಾನದಲ್ಲಿ ಸಾವಂತವಾಡಿಯ ಭೋಸಲೆ ಅರಸರು ಇದನ್ನು ಕಟ್ಟಿಸಿದರು. 1746ರಲ್ಲಿ ಪೋರ್ಚುಗೀಸರು ಗೆದ್ದುಕೊಂಡರು. ಅಂಗಳದಲ್ಲಿ ಸಂತ ಅಂತೋನಿಯ ಚರ್ಚು ಇದೆ. 1954ರ ಆಗಸ್ಟ್ 15ರಂದು ಗೋವಾದ ಸತ್ಯಾಗ್ರಹಿಗಳು ಒಳಗೆ ಹೋಗಿ ತ್ರಿವರ್ಣ ಧ್ವಜ ಹಾರಿಸಿದರು, ಸೆರೆಮನೆ ಕಂಡರು. ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು.

ಆಮೇಲೆ ಕೋಟೆ ಹೋಟೆಲಾಯಿತು. ಏಳು ಕೋಣೆ, ಒಂದೊಂದಕ್ಕೂ ವಾರದ ಒಂದೊಂದು ದಿನದ ಹೆಸರು!

"ಅಜ್ಜಾ, ಸೋಮವಾರದ ಕೋಣಿ ಬ್ಯಾಡ, ಸಾಲಿ ನೆನಪಾಗ್ತದ. ರವಿವಾರದ್ದು ಹಿಡಿ" ಅಂದ ಮೊಮ್ಮಗ.

ಬಾಡಿಗೆ ಕೇಳಿದೆ. ಪಿಂಚಣಿ ನೆನಪಾಯಿತು. ಚಹಾ ಕುಡಿದು ನದಿ ನೋಡುತ್ತ ಕುಳಿತೆವು.

"ಹಂಗಾದ್ರ ಈ ಕೋಟಿ ರೊಕ್ಕಿದ್ದವರಿಗಷ್ಟೇನು?" ಅಂತ ಕೇಳಿದ.

ಬ್ಯಾಂಕಿನ ಗುಮಾಸ್ತ ನಾನು, ಲೆಕ್ಕದಲ್ಲೇ ಉತ್ತರ ಹೇಳಿದೆ. ಹಳೇ ಮನೆಯಲ್ಲಿ ದೀಪ ಹಚ್ಚುವವರಿಲ್ಲದಿದ್ದರೆ ಮಾಡು ಸೋರುತ್ತದೆ, ಗೋಡೆ ಬೀಳುತ್ತದೆ. ಇರುವವರು ಕೊಡುವ ಬಾಡಿಗೆ ದುರಸ್ತಿಗೆ ಬಂದರೆ ಅದು ಜಮಾ. ಆದರೆ ಧ್ವಜ ಹಾರಿಸಿದವರನ್ನು ಮರೆತರೆ, ನಮ್ಮಂಥವರಿಗೆ ಬಾಗಿಲು ಮುಚ್ಚಿದರೆ, ಅದು ದೊಡ್ಡ ಖರ್ಚು. ಎರಡೂ ಸರಿದೂಗಬೇಕು.

ಅವನು ತಲೆಯಾಡಿಸಿದ. ಮೆಲ್ಲಗೆ ಕೇಳಿದ: "ಅಜ್ಜಿ ಬಂದಿದ್ರ ಯಾವ ಕೋಣಿ ಹಿಡೀತಿದ್ಲು?"

ನನಗೆ ಮಾತು ಹೊರಡಲಿಲ್ಲ. ಅವಳಿಗೆ ಸಮುದ್ರ ತೋರಿಸುತ್ತೇನೆ ಅಂತ ವರ್ಷಾ ವರ್ಷಾ ಹೇಳುತ್ತಿದ್ದೆ. ಮಾರ್ಚ್ ತಿಂಗಳ ಲೆಕ್ಕ ಮುಗಿಯಲಿ, ಬಡ್ತಿ ಸಿಗಲಿ, ನಿವೃತ್ತಿಯಾಗಲಿ ಅಂತ ಮುಂದಕ್ಕೆ ಹಾಕಿದೆ. ನಿವೃತ್ತಿಯೇನೋ ಬಂತು, ಅಷ್ಟರಲ್ಲಿ ಅವಳು ಇರಲಿಲ್ಲ. ಅಲ್ಲಿ ವಾರದ ಏಳೂ ದಿನ ಬಾಗಿಲಿಗೆ ಬರೆದಿದ್ದವು. ನನಗೆ ಅವಳಿಗಾಗಿ ಒಂದು ದಿನ ಸಿಕ್ಕಿರಲಿಲ್ಲ.

ಅಜ್ಜಂದಿರೇ, ಕೊಟ್ಟ ಮಾತನ್ನು ಮುಂದಿನ ವರ್ಷಕ್ಕೆ ಬರೆದಿಡಬೇಡಿ.

ಮಕ್ಕಳೇ, ನಿಮ್ಮೂರಲ್ಲೂ ಒಂದು ವಾಡೆಯೋ ಹುಡೇವೋ ಇರಬಹುದು. ಈ ರವಿವಾರ ಅಜ್ಜ-ಅಜ್ಜಿಯ ಕೈ ಹಿಡಿದು ಅಲ್ಲಿಗೆ ಹೋಗಿ. ಅದನ್ನು ಕಟ್ಟಿಸಿದವರು ಯಾರು ಅಂತ ಕೇಳಿ. ಅದಕ್ಕೆ ಬಾಡಿಗೆ ಇಲ್ಲ.