ನೆರೆಮನೆಯ ಮಗು ಕನಸಿನಲ್ಲಿ ಕಂಡರೆ

ನೆರೆಮನೆಯ ಮಗು ಬಾವಿಗೆ ಬಿದ್ದಂತೆ ರಾತ್ರಿ ಕನಸಾಯಿತು, ಇದರ ಅರ್ಥವೇನು? ಇಂಥ ಪ್ರಶ್ನೆ ಏಳದ ಮನೆ ನಮ್ಮಲ್ಲಿ ವಿರಳ. ಉತ್ತರ ಹೇಳುವವರಿಗೂ ಕೊರತೆಯಿಲ್ಲ. ನಗುವ ಮಗುವನ್ನು ಕಂಡರೆ ಶುಭ, ಅಳುವ ಮಗುವನ್ನು ಕಂಡರೆ ಕೇಡು ಎಂಬ ಬಗೆಯ ಫಲಗಳನ್ನು ಹಿಂದೆ ಹೊತ್ತಗೆಗಳು ಹೇಳುತ್ತಿದ್ದುವು. ಈಗ ಮೊಬೈಲೂ ಹೇಳುತ್ತದೆ.

ಇದು ಬರಿಯ ವಿನೋದವಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಮಕ್ಕಳಿಲ್ಲದ ಹೆಂಗಸೊಬ್ಬಳು ತಾನು ಕಂಡ ಕನಸನ್ನು ಪಕ್ಕದ ಮನೆಯವರಲ್ಲಿ ಹೇಳಿಕೊಂಡು, ಮೂರನೆಯ ದಿನ ಆ ಮಗುವಿಗೆ ಜ್ವರ ಬಂದರೆ, ಅವಳ ಕಣ್ಣೇ ತಾಕಿತೆಂಬ ಮಾತು ಹುಟ್ಟಲು ತಡವಾಗದು. ಅಂದಿನಿಂದ ಮಗುವನ್ನು ಅವಳ ಕೈಗೆ ಕೊಡರು. ಕನಸನ್ನು ಸಾಕ್ಷ್ಯವೆಂದು ಸ್ವೀಕರಿಸುವ ಈ ರೂಢಿ ಅನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ.

ಪ್ರಾಚೀನರು ಎಲ್ಲ ಕನಸಿಗೂ ಫಲವುಂಟೆಂದು ನಂಬಿದ್ದರೆಂದು ತಿಳಿಯುವುದು ಸರಿಯಲ್ಲ. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು ಇವುಗಳಿಂದ ಹುಟ್ಟಿದ ಐದು ಬಗೆಯವು ನಿಷ್ಫಲವೆಂದು ವೈದ್ಯನು ತಿಳಿಯಬೇಕೆಂದು ಅಲ್ಲಿ ಹೇಳಿದೆ. ಉಳಿದ ಎರಡರಲ್ಲಿ ಭವಿಷ್ಯಸೂಚಕವೂ ಒಂದು; ಅದನ್ನು ನಾವು ಒಪ್ಪಲಾರೆವು. ಆದರೆ ನೆರೆಮನೆಯ ಮಗು ದಿನವೂ ಕಣ್ಣಿಗೆ ಬೀಳುವಂಥದು, ಅದರ ಅಳು ಗೋಡೆಯಾಚೆಯಿಂದ ಕೇಳುವಂಥದು. ಚರಕನ ಲೆಕ್ಕದಲ್ಲಿಯೇ ಅದರ ಕನಸು ನಿಷ್ಫಲದ ಸಾಲಿಗೆ ಸೇರಿತಲ್ಲವೆ?

೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರೆಯ ನಡುವೆ ಕಣ್ಣಾಲಿಗಳು ರೆಪ್ಪೆಯ ಕೆಳಗೆ ಚುರುಕಾಗಿ ಚಲಿಸುವ ಅವಧಿಗಳುಂಟೆಂಬುದನ್ನು ಪ್ರಕಟಿಸಿದರು. ಇವು ಸುಮಾರು ೯೦ ನಿಮಿಷಗಳಿಗೊಮ್ಮೆಯಂತೆ ರಾತ್ರಿಯಲ್ಲಿ ನಾಲ್ಕೈದು ಸಲ ಬರುತ್ತವೆ. ಇಂಥ ಅವಧಿಗಳಲ್ಲಿ ಮಲಗಿದವರನ್ನು ೧೯೧ ಸಲ ಎಬ್ಬಿಸಿ ಕೇಳಲಾಗಿ ೧೫೨ ಸಲ ಕನಸಿನ ವಿವರ ದೊರೆಯಿತೆಂದು ೧೯೫೭ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ ವರದಿಮಾಡಿದರು. ಆಗ ಮಿದುಳಿನಲ್ಲಿ ಭಯವೇ ಮೊದಲಾದ ಭಾವಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಚುರುಕಾಗಿಯೂ, ವಿವೇಚನೆಗೆ ಬೇಕಾದ ಹಣೆಯ ಹಿಂದಿನ ಕೆಲವು ಭಾಗಗಳು ಮಂದವಾಗಿಯೂ ಇರುವುದು ಅನಂತರದ ಪರೀಕ್ಷೆಗಳಿಂದ ತಿಳಿದುಬಂದಿದೆ. ಹೀಗಿರುವಲ್ಲಿ ಹಗಲು ಕಂಡ ಮಗುವೂ ಎಂದೋ ಇಣುಕಿದ ಬಾವಿಯೂ ಒಂದಾಗಿ ಕೂಡಿ, ಮೇಲೆ ಭಯವೂ ಬೆರೆತರೆ ಆಶ್ಚರ್ಯವೇನು?

"ಆದರೆ ಕಂಡಂತೆಯೇ ಆಯಿತಲ್ಲ!" ಎನ್ನುವವರಿಗಾಗಿ ಒಂದು ಲೆಕ್ಕ. ಲಕ್ಷ ಜನರ ಪಟ್ಟಣದಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ಒಂದೇ ಸಲ ನೆರೆಮನೆಯ ಮಗು ಬಿದ್ದಂತೆ ಕನಸಾಗುವುದೆನ್ನೋಣ. ಆಗ ದಿನವೊಂದಕ್ಕೆ ಇಂಥ ಕನಸುಗಳು ಸುಮಾರು ೨೭೪. ಮಕ್ಕಳು ಬೀಳುವುದೋ ನಿತ್ಯದ ಸಂಗತಿ. ಎಲ್ಲಿಯೋ ಒಂದು ಕನಸು ಕೂಡಿಬಂದೇ ಬರುತ್ತದೆ; ಕೂಡದ ಉಳಿದವನ್ನು ಯಾರೂ ನೆನೆಯುವುದಿಲ್ಲ.

ಭವಿಷ್ಯವಲ್ಲವಾದರೆ ಅದು ಅಡಗಿದ ದುರಾಸೆಯಿರಬೇಕೆಂದು, ಅರೆಬರೆಯಾಗಿ ಫ್ರಾಯ್ಡನನ್ನು ಓದಿದ ಕಾಲೇಜು ತರುಣರು ವಾದಿಸುವುದುಂಟು. ಇದು ಕಣ್ಣು ತಾಕಿತೆಂಬ ಮಾತಿನ ಸುಧಾರಿಸಿದ ರೂಪವಷ್ಟೆ. ಸ್ವತಃ ಫ್ರಾಯ್ಡನೇ ತನ್ನ ಕನಸಿನ ಗ್ರಂಥದಲ್ಲಿ ಒಬ್ಬ ತರುಣಿಯ ವೃತ್ತಾಂತವನ್ನು ಕೊಟ್ಟಿದ್ದಾನೆ. ಅಕ್ಕನ ಕಿರಿಯ ಮಗ ಶವಪೆಟ್ಟಿಗೆಯಲ್ಲಿ ಮಲಗಿದ್ದಂತೆ ಕಂಡು ಆಕೆ ಕಳವಳಗೊಂಡಿದ್ದಳು. ಹಿಂದೆ ಹಿರಿಯ ಮಗ ತೀರಿಕೊಂಡಾಗ, ಆಕೆ ಪ್ರೀತಿಸುತ್ತಿದ್ದ ಪುರುಷನು ಬಹುಕಾಲದ ಮೇಲೆ ಅಲ್ಲಿಗೆ ಬಂದಿದ್ದನು. ಆತನನ್ನು ಮತ್ತೆ ಕಾಣುವ ಹಂಬಲವೇ ಹೀಗೆ ಮೈದಳೆಯಿತು, ಮಗುವಿನ ಸಾವನ್ನು ಆಕೆ ಬಯಸಿರಲಿಲ್ಲ ಎಂಬುದು ಫ್ರಾಯ್ಡನ ನಿರ್ಣಯ. ಈ ವಿವರಣೆಯನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ನಮಗೆ ಕಾಣದು. ಆದರೂ ಅದು ಆಕೆಯ ನೆನಪಿನಿಂದಲೇ ಹೊರಟಿತೆಂಬುದನ್ನು ಗಮನಿಸಬೇಕು. ಯಾವ ಸ್ವಪ್ನಫಲದ ಪಟ್ಟಿಯಲ್ಲಿಯೂ ಅದು ದೊರೆಯುತ್ತಿರಲಿಲ್ಲ.

ಇನ್ನು ಪಕ್ಕದ ಮನೆಯ ಸಂಪಿಗೆ ಮುಚ್ಚಳವಿಲ್ಲದಿದ್ದರೆ ಅದನ್ನು ಹಗಲಿನಲ್ಲಿಯೇ ನೋಡಿ ಹೇಳಬಹುದು. ಒಂದೇ ದುಃಸ್ವಪ್ನ ವಾರಗಟ್ಟಲೆ ಮರುಕಳಿಸಿ ನಿದ್ರೆ ಕೆಡುತ್ತಿದ್ದರೆ ಆರೈಕೆ ಬೇಕಾದುದು ಮಗುವಿಗಲ್ಲ, ಕನಸು ಕಂಡವರಿಗೆ. ಪರೀಕ್ಷೆಯ ಚಿಂತೆ, ಜ್ವರ, ಕೆಲವು ಔಷಧಗಳು, ಹಿಂದೆಂದೋ ಆದ ಆಘಾತ ಇವು ಕಾರಣವಾಗಿರಬಹುದು. ಅಂಥವರು ವೈದ್ಯರನ್ನು ಕಾಣುವುದು ಲೇಸು. ಕನಸಿಗೆ ಬೇರೊಂದು ಮುಕ್ತಾಯವನ್ನು ಎಚ್ಚರದಲ್ಲಿ ಕಲ್ಪಿಸಿಕೊಂಡು ದಿನವೂ ಮನಸ್ಸಿನಲ್ಲಿ ಅಭ್ಯಾಸಮಾಡಿಸುವ ಚಿಕಿತ್ಸೆಯೊಂದು ಈಗ ಬಳಕೆಯಲ್ಲಿದೆ: ಮಗು ಬಾವಿಯ ಕಟ್ಟೆಯವರೆಗೆ ಬಂದು, ತಾಯಿ ಕರೆದೊಡನೆ ಹಿಂದಿರುಗಿ ಓಡಿದಂತೆ.