ಹಬ್ಬದ ಪಡಸಾಲೆಯೂ ಒಂದು ಕನ್ನಡ ಶಾಲೆ

ಶಾಲೆಯೊಂದು ಐವತ್ತು ವರ್ಷಗಳನ್ನು ಪೂರೈಸಿದಾಗ ಅದರ ಕಟ್ಟಡಗಳನ್ನೂ ಪರೀಕ್ಷೆಯ ಫಲಿತಾಂಶಗಳನ್ನೂ ಅಲ್ಲಿ ಕಲಿತು ದೊಡ್ಡ ಹುದ್ದೆಗೇರಿದವರನ್ನೂ ನೆನೆಯುವುದು ವಾಡಿಕೆ. ಅದು ಆಗಬೇಕಾದದ್ದೇ. ಆದರೆ ಮಹಾರಾಷ್ಟ್ರದ ನೆಲದಲ್ಲಿ ನಡೆದುಬಂದ ಕನ್ನಡ ಶಾಲೆಗೆ ಇನ್ನೊಂದು ಲೆಕ್ಕವೂ ಉಂಟು. ಇಲ್ಲಿ ಅಕ್ಷರ ಕಲಿತವರ ಮನೆಗಳಲ್ಲಿ, ಅವರ ಮಕ್ಕಳ ಬಾಯಲ್ಲಿ, ಇಂದು ಕನ್ನಡ ಎಷ್ಟು ಉಳಿದಿದೆ ಎಂಬುದೇ ಆ ಲೆಕ್ಕ. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ವಿಷಯವಾಗಿ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದು.

ಕರಜಗಿ, ತಡವಳ, ನಾಗಣಸೂರು, ಮೈಂದರ್ಗಿ, ದುಧನಿ ಮೊದಲಾದ ಅಕ್ಕಲಕೋಟೆ ತಾಲೂಕಿನ ಊರುಗಳ ಮನೆಮಾತು ಕನ್ನಡ. ಕಚೇರಿಯ ಮಾತು ಮರಾಠಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಭಾಗ ಕರ್ನಾಟಕದ ಹೊರಗುಳಿಯಿತು. ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ವರದಿ ಜಾರಿಗೆ ಬರಲಿಲ್ಲ. ಅದೇ 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಮುದ್ರಿಸುತ್ತ ಬಂದಿದೆ. ಗಡಿಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಪಠ್ಯಪುಸ್ತಕವೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಪೂರ್ತಿಯಾಗಿ ಇರುವುದು ನಮ್ಮ ಮನೆಯ ಪಡಸಾಲೆ ಮತ್ತು ಅಲ್ಲಿ ನಡೆಯುವ ಹಬ್ಬ. ಮಕ್ಕಳನ್ನು ಕೂಡಿಸಿಕೊಂಡು ಹಬ್ಬದ ಸಾಮಗ್ರಿಯನ್ನು ಮನೆಯಲ್ಲಿಯೇ ಕೈಯಾರೆ ಮಾಡುವ ಪದ್ಧತಿ ನಿಂತುಹೋದರೆ, ಶಾಲೆ ಎಷ್ಟೇ ಶ್ರಮಪಟ್ಟರೂ ಮಕ್ಕಳ ಕನ್ನಡ ಬಡವಾಗುತ್ತದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಮಣ್ಣೆತ್ತಿನ ಅಮಾವಾಸ್ಯೆಯನ್ನೇ ತೆಗೆದುಕೊಳ್ಳೋಣ. ಜ್ಯೇಷ್ಠ ಮಾಸದ ಈ ಅಮಾವಾಸ್ಯೆ ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ಸಾಮಾನ್ಯವಾಗಿ ಶಾಲೆಗಳು ಪುನಃ ತೆರೆಯುವ ದಿನಗಳ ಆಸುಪಾಸಿನಲ್ಲಿ ಬರುತ್ತದೆ. ಎರೆಮಣ್ಣನ್ನು ತಂದು, ಹರಳು ಆರಿಸಿ, ಹೆಂಟೆಯನ್ನು ಕುಟ್ಟಿ, ಜರಡಿ ಹಿಡಿದು, ನೀರು ಚಿಮುಕಿಸಿ, ಒಂದು ಹಿಡಿ ಹತ್ತಿಯನ್ನು ಬೆರೆಸಿ ನಾದಬೇಕು. ಹತ್ತಿ ಬೆರೆಸದಿದ್ದರೆ ಒಣಗುವಾಗ ಮೈ ಬಿರಿಯುತ್ತದೆ. ನೀರು ಹೆಚ್ಚಾದರೆ ಕಾಲು ನಿಲ್ಲುವುದಿಲ್ಲ, ಕಡಿಮೆಯಾದರೆ ಕೊರಳು ಮುರಿಯುತ್ತದೆ. ಈ ನಡುವಿನ ಸ್ಥಿತಿಗೆ ನಮ್ಮವರು ಇಟ್ಟ ಹೆಸರು ‘ಹದ’. ಹದ ಎಂದರೇನೆಂದು ಕರಿಹಲಗೆಯ ಮೇಲೆ ಎಷ್ಟು ಬರೆದರೂ ಮಗುವಿಗೆ ತಿಳಿಯುವುದು ಕಷ್ಟ. ಮಣ್ಣಿನಲ್ಲಿ ಕೈಯಿಟ್ಟ ಮಗುವಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಅದೇ ಮಗು ಹೊಲದ ಹದ, ಮಳೆಯ ಹದ, ಪಾಕದ ಹದ ಎಂಬ ಮಾತುಗಳನ್ನು ಕೇಳಿದಾಗ ಅದಕ್ಕೆ ಅರ್ಥಕೋಶ ಬೇಕಾಗುವುದಿಲ್ಲ.

ಎತ್ತು ನಿಂತ ಮೇಲೆ ಅಲಂಕಾರದ ಸರದಿ. ಜೋಳದ ಕಾಳೋ ಕುಸುಬಿಯ ಕಾಳೋ ಕಣ್ಣಾಗುತ್ತದೆ. ಹಣೆಗೆ ಹಣೆಪಟ್ಟಿ, ಕೋಡಿಗೆ ಕೋಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ, ಮುಂದೆ ಮೇವಿಗೆಂದು ಮಣ್ಣಿನದೇ ಒಂದು ಗ್ವಾದಲಿ. ಟ್ರ್ಯಾಕ್ಟರು ಬಂದ ಮೇಲೆ ನಮ್ಮ ಅನೇಕ ಮನೆಗಳ ಕೊಟ್ಟಿಗೆಯಲ್ಲಿ ಎತ್ತುಗಳೇ ಉಳಿದಿಲ್ಲ. ಎತ್ತಿಲ್ಲದ ಮನೆಯ ಮಗುವಿಗೆ ಜೂಲ, ಮಗಡ, ಕೋಡಣಸು ಎಂಬ ಮಾತುಗಳನ್ನು ಯಾರು ಹೇಳಬೇಕು? ಅಂಗೈಯಗಲದ ಮಣ್ಣೆತ್ತು ಒಂದೇ ಇಂದು ಅವನ್ನು ಹೇಳಬಲ್ಲುದು. ಅದನ್ನೂ ಬಣ್ಣ ಹಚ್ಚಿದ ಅಚ್ಚಿನ ಬೊಂಬೆಯಾಗಿ ಪೇಟೆಯಿಂದ ತಂದು ಜಗಲಿಯ ಮೇಲೆ ಇಟ್ಟುಬಿಟ್ಟರೆ ಪೂಜೆಯೇನೋ ಸಲ್ಲುತ್ತದೆ. ಅಜ್ಜಿ ಮೊಮ್ಮಗನಿಗೆ ಹೇಳಬೇಕಾಗಿದ್ದ ಮಾತುಗಳು ಮಾತ್ರ ಹೇಳದೆ ಉಳಿಯುತ್ತವೆ.

ವರ್ಷಕ್ಕೆ ಐದು ಬಾರಿ ಮಣ್ಣಿನ ಪೂಜೆ ಎಂದು ನಮ್ಮ ಹಿರಿಯರು ಎಣಿಸುತ್ತಿದ್ದರು: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಚುಚ್ಚಿ ಸಿಂಗರಿಸುತ್ತಾರೆ. ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ, ಜೊತೆಗೆ ಜೋಕಾಲಿ ಮತ್ತು ಉಂಡಿ. ದೀಪಾವಳಿಯ ಪಾಡ್ಯಕ್ಕೆ ಸೆಗಣಿಯ ಪಾಂಡವರು. ಸಂಕ್ರಾಂತಿಗೆ ಕುಸುರೆಳ್ಳು: ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆಯ ಪಾಕವನ್ನು ಚಮಚ ಚಮಚವಾಗಿ ಹನಿಸುತ್ತ, ಕೈಯಾಡಿಸುತ್ತ ಕುಳಿತರೆ ಮೆಲ್ಲನೆ ಮುಳ್ಳು ಮೂಡುತ್ತವೆ. ಅವಸರ ಮಾಡಿದರೆ ಮೂಡುವುದಿಲ್ಲ. ತಾಳ್ಮೆಯನ್ನು ಕುರಿತು ಇಷ್ಟು ಚೆನ್ನಾಗಿ ಹೇಳಿಕೊಡುವ ಪಾಠ ಯಾವ ಇಯತ್ತೆಯ ಪುಸ್ತಕದಲ್ಲಿಯೂ ಸಿಗಲಾರದು.

ಈ ವಿಷಯದಲ್ಲಿ ನಮ್ಮ ಮರಾಠಿ ನೆರೆಯವರಿಂದ ಕಲಿಯಬೇಕಾದದ್ದು ಬಹಳವಿದೆ. ದೀಪಾವಳಿ ಬಂತೆಂದರೆ ಮಹಾರಾಷ್ಟ್ರದ ಮಕ್ಕಳು ಓಣಿ ಓಣಿಯಲ್ಲಿ ಕಲ್ಲುಮಣ್ಣು ಹೊತ್ತು ‘ಕಿಲ್ಲಾ’ ಕಟ್ಟುತ್ತಾರೆ. ರಾಯಗಡ, ಪ್ರತಾಪಗಡಗಳ ಬುರುಜು, ಮಹಾದ್ವಾರಗಳನ್ನು ತಿದ್ದಿ, ಮೇಲೆ ಶಿವಾಜಿ ಮಹಾರಾಜರನ್ನು ಕೂಡಿಸಿ, ಇಳಿಜಾರಿನಲ್ಲಿ ಸಾಸಿವೆ ಬಿತ್ತಿ ಹಸಿರು ಎಬ್ಬಿಸುತ್ತಾರೆ. ನಾಗಪುರದ ಕಡೆ ಪೋಳಾ ಹಬ್ಬದ ಮರುದಿನ ಮಕ್ಕಳಿಗಾಗಿಯೇ ‘ತಾನ್ಹಾ ಪೋಳಾ’ ನಡೆದು, ಕಟ್ಟಿಗೆಯ ಎತ್ತುಗಳನ್ನು ಸಿಂಗರಿಸಿಕೊಂಡು ಮಕ್ಕಳು ಮನೆಯಿಂದ ಮನೆಗೆ ಹೋಗುತ್ತಾರೆ. ಇತಿಹಾಸವೂ ಭಾಷೆಯೂ ಆ ಮಕ್ಕಳಿಗೆ ಆಟದ ಜೊತೆಗೆ ದಕ್ಕುತ್ತವೆ. ನಮ್ಮ ಮಕ್ಕಳೂ ಅವರೊಡನೆ ಕೂಡಿ ಕಿಲ್ಲಾ ಕಟ್ಟಲಿ. ಅವರ ಮಕ್ಕಳು ನಮ್ಮ ಪಡಸಾಲೆಗೆ ಬಂದು ಮಣ್ಣೆತ್ತು ಮಾಡಲಿ. ಇದರಲ್ಲಿ ಯಾರ ಭಾಷೆಗೂ ನಷ್ಟವಿಲ್ಲ.

ಹೀಗೆ ಕೂಡಿ ಆಚರಿಸಿದ ಹಬ್ಬ ಮಾತನ್ನು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ನಿದರ್ಶನವುಂಟು. ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ರೈತರು ‘ವೇಳ ಅಮಾವಾಸ್ಯೆ’ ಅಥವಾ ‘ಯೆಳವಸ’ ಎಂಬ ಹೆಸರಿನಲ್ಲಿ ಹೊಲದ ಹಬ್ಬ ಮಾಡುತ್ತಾರೆ. ಕಣಿಕೆಯಿಂದ ಗುಡಿಸಲು ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಭಜ್ಜಿ, ಅಂಬಲಿಗಳ ಊಟ ಮಾಡುತ್ತಾರೆ. ಇದು ನಮ್ಮ ಎಳ್ಳ ಅಮಾವಾಸ್ಯೆಯೇ. ಹೆಸರು ಕನ್ನಡದಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಆ ಊರುಗಳ ಮನೆಮಾತು ಮರಾಠಿಯಾದರೂ ಕೈಕೆಲಸ ಬಿಡಲಿಲ್ಲವಾದ್ದರಿಂದ ಹೆಸರು ಬದುಕಿತು. ಮನೆಮಾತು ಇನ್ನೂ ಕನ್ನಡವೇ ಆಗಿರುವ ನಮ್ಮಲ್ಲಿ ಕೈಕೆಲಸವನ್ನೇ ಕೈಬಿಟ್ಟರೆ ಆಗುವುದೇನು ಎಂದು ಯೋಚಿಸಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಸಮಯವೆಲ್ಲಿ ಎನ್ನುವವರುಂಟು. ಮಾತು ನಿಜ. ಆದರೆ ಒಂದು ಜೋಡಿ ಎತ್ತಿಗೆ ಒಂದು ಸಂಜೆ ಸಾಕು. ವರ್ಷದಲ್ಲಿ ಅಂಥ ಐದಾರು ಸಂಜೆಗಳನ್ನು ಮೊಬೈಲಿನಿಂದ ಬಿಡಿಸಿಕೊಳ್ಳಲಾಗದಷ್ಟು ಬಿಡುವಿಲ್ಲದ ಮನೆ ಅಪರೂಪ. ಶಾಲೆಯ ‘ಪ್ರಾಜೆಕ್ಟ್’ ಕೆಲಸಕ್ಕೆ ಅಂಗಡಿಯಿಂದ ಸಿದ್ಧ ವಸ್ತು ತಂದು ರಾತ್ರಿಯೆಲ್ಲ ತಾಯಂದಿರೇ ಅಂಟಿಸಿ ಕೊಡುವ ಸಮಯವನ್ನು ಇತ್ತ ತಿರುಗಿಸಬಹುದು. ಸೊಲ್ಲಾಪುರ, ಪುಣೆ, ಮುಂಬಯಿಯ ಫ್ಲ್ಯಾಟುಗಳಲ್ಲಿ ಮಣ್ಣೆಲ್ಲಿ ಎನ್ನುವವರು ಕುಂಡದ ಮಣ್ಣು ಬಳಸಬಹುದು. ಅದೂ ಇಲ್ಲದಿದ್ದರೆ ಗೋಧಿಯ ಕಣಕದಲ್ಲಿಯೇ ಎತ್ತು ಮಾಡಬಹುದು. ಇನ್ನು, ಎಲ್ಲರೂ ಮನೆಯಲ್ಲಿಯೇ ಮಾಡಿದರೆ ಕುಂಬಾರರ ಗತಿಯೇನು ಎಂಬ ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. ಅಮಾವಾಸ್ಯೆಯಂದು ಕುಂಬಾರರು ಮನೆಮನೆಗೆ ಎತ್ತಿನ ಜೋಡಿ ಕೊಟ್ಟು ಜೋಳ ಪಡೆಯುತ್ತಿದ್ದ ಸಂಬಂಧ ಹಳೆಯದು. ಪೂಜೆಯ ಜೋಡಿ ಅವರಿಂದಲೇ ಬರಲಿ. ಅದರ ಮಗ್ಗುಲಲ್ಲಿ ಮಗು ಮಾಡಿದ, ಒಂದು ಕೋಡು ಸೊಟ್ಟಗಾದ ಎತ್ತಿಗೂ ಕುಂಕುಮ ಹಚ್ಚಿರಿ. ಸೊಟ್ಟಗಾಯಿತೆಂದು ಅದನ್ನು ಒಳಗಿಟ್ಟರೆ ಮಗು ಮರುವರ್ಷ ಮಣ್ಣು ಮುಟ್ಟಲಾರದು. ಕುಂಬಾರರ ಹೊಟ್ಟೆಗೆ ಪೆಟ್ಟು ಕೊಡುತ್ತಿರುವುದು ಮಕ್ಕಳ ಎತ್ತಲ್ಲ, ಪೇಟೆಯ ಪ್ಲಾಸ್ಟರಿನ ಎತ್ತು.

ಕೈಯಿಂದ ಕಲಿಯಬೇಕೆಂಬುದು ಹೊಸ ಮಾತೇನಲ್ಲ. 1937ರಲ್ಲಿ ನಮ್ಮ ಇದೇ ಮಹಾರಾಷ್ಟ್ರದ ವರ್ಧಾದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರವನ್ನು ರಾಷ್ಟ್ರದ ಮುಂದಿಟ್ಟರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ನಡೆಸಿದ ಪ್ರಯೋಗಗಳು ಕನ್ನಡಿಗರಿಗೆ ತಿಳಿದವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ಇಯತ್ತೆಯ ಅವಧಿಯಲ್ಲಿ ಮಕ್ಕಳು ಹತ್ತು ದಿನ ಪಾಟಿಚೀಲವಿಲ್ಲದೆ ಸ್ಥಳೀಯ ಬಡಿಗರು, ಕುಂಬಾರರು, ಕಲಾವಿದರ ಬಳಿ ಕಲಿಯಬೇಕೆಂದು ಹೇಳಿದೆ. ನಮ್ಮ ಶಾಲೆಯು ಆ ಹತ್ತರಲ್ಲಿ ಒಂದು ದಿನವನ್ನು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಇಡಲಿ. ಊರಿನ ಕುಂಬಾರರೊಬ್ಬರನ್ನೂ ಇಬ್ಬರು ಅಜ್ಜಿಯರನ್ನೂ ಅಂದು ಗುರುಗಳೆಂದು ಕರೆದು ಶಾಲು ಹೊದಿಸಲಿ. ಮಕ್ಕಳು ಎತ್ತು ಮಾಡುತ್ತ ಕೇಳಿದ ಹೊಸ ಮಾತುಗಳನ್ನು ಒಂದು ವಹಿಯಲ್ಲಿ ಬರೆದಿಡಲಿ. ವರ್ಷವರ್ಷವೂ ಹೀಗೆ ನಡೆದರೆ ನಮ್ಮ ಸೀಮೆಯ ಮಾತುಗಳ ಒಂದು ಕೋಶವೇ ಶಾಲೆಯ ಕಪಾಟಿನಲ್ಲಿ ಸಿದ್ಧವಾಗುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವು. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಗೋ ಮರಾಠಿ ಶಾಲೆಗೋ ಹೋಗುತ್ತಾರೆ. ಅದಕ್ಕಾಗಿ ಯಾರನ್ನೂ ದೂರುವ ಕಾರಣವಿಲ್ಲ. ಆದರೆ ಶಾಲೆಯಲ್ಲಿ ಕನ್ನಡ ಸಿಗದ ಮಗುವಿಗೆ ಮನೆಯ ಹಬ್ಬವೊಂದೇ ಕನ್ನಡದ ತರಗತಿ. ಈ ಮಹೋತ್ಸವಕ್ಕೆ ದೇಣಿಗೆ ಕೊಟ್ಟ ಕೈಗಳು ಬರುವ ಜ್ಯೇಷ್ಠದಲ್ಲಿ ಮಕ್ಕಳೊಡನೆ ಒಂದಿಷ್ಟು ಮಣ್ಣನ್ನೂ ಕಲಸಲಿ. ಊರಿಗೆ ಬರಲಾಗದಿದ್ದರೆ ಅಜ್ಜಿಗೆ ಫೋನು ಹಚ್ಚಿ, ಹತ್ತಿ ಎಷ್ಟು ಹಾಕಬೇಕೆಂದು ಮಗುವೇ ಕನ್ನಡದಲ್ಲಿ ಕೇಳಲಿ.