ತೂಕ ಕೇಳಿದವನ ನಂಬರು ಬಯಲಿಗೆ, ಠಕ್ಕನ ಹೆಸರು ಮುಸುಕಿಗೆ!

ಹಿಂದೆ ತಾಲ್ಲೂಕು ಕಚೇರಿಗೆ ಮೂಗರ್ಜಿ ಬರುತ್ತಿತ್ತು. ಹೆಸರಿಲ್ಲ, ರುಜುವಿಲ್ಲ. ಅಕ್ಷರ ನೋಡಿ ಇಂಥವನದೇ ಎಂದು ಊಹಿಸುವುದು ಗುಮಾಸ್ತರಿಗೊಂದು ಕೆಲಸ. ಈಗ ಆ ಅರ್ಜಿ ಮೊಬೈಲಿಗೆ ಬಂದು ಕೂತಿದೆ. ಚರಂಡಿ ಕಟ್ಟಿತೆ? ಬಸ್ಸು ಬರಲಿಲ್ಲವೆ? ರೇಷನ್ ಅಂಗಡಿಯಲ್ಲಿ ತೂಕ ಕಮ್ಮಿಯೆ? ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರಾಯಿತು.

ಹಾಕಿದರಾಯಿತೆ? ತೊಡಕು ಇರುವುದೇ ಅಲ್ಲಿ. ಒಂದು ಗುಂಪಿನಲ್ಲಿ 1,024 ಮಂದಿಯವರೆಗೆ ಇರಬಹುದು. ಬರೆದವನ ಫೋನ್ ನಂಬರು ಅವರ ಕಣ್ಣಿಗೆ ಬೀಳುವುದೇ ಹೆಚ್ಚು. ತೂಕದ ಮಾತೆತ್ತಿದ ಗಿರಾಕಿಯೂ ಅಂಗಡಿಯವನ ಭಾವಮೈದನೂ ಒಂದೇ ಗುಂಪಿನವರು. ರಾತ್ರಿ ಹತ್ತಕ್ಕೆ ಫೋನು: "ಏನಪ್ಪಾ, ಭಾಳ ದೊಡ್ಡ ಮನುಷ್ಯ ಆಗ್ಬಿಟ್ಯಾ?" ಬೆಳಗಾಗುವಷ್ಟರಲ್ಲಿ ಸಂದೇಶ ಮಾಯ. ತೂಕ ಮಾತ್ರ ಹಾಗೇ!

ಇತ್ತ ಸುಳ್ಳು ಹೆಸರು, ಯಾರದೋ ಫೋಟೋ ಅಂಟಿಸಿಕೊಂಡು ಹೆಣ್ಣುಮಕ್ಕಳನ್ನು ಪೀಡಿಸುವವನು, ಸ್ನೇಹಿತನ ವೇಷದಲ್ಲಿ ದುಡ್ಡು ಕಿತ್ತುಕೊಳ್ಳುವವನು ಆರಾಮಾಗಿದ್ದಾನೆ. "ಹೆಸರು ಮುಚ್ಚಿಡೋರನ್ನೆಲ್ಲ ಒಳಗೆ ಹಾಕ್ಬೇಕು" ಎಂದು ಹೋಟೆಲಿನಲ್ಲಿ ಗುಡುಗುವವರ ಸಿಟ್ಟು ಸುಳ್ಳಲ್ಲ. ಆದರೆ ಎಲ್ಲರೂ ಹೆಸರು ಬಿಚ್ಚಲೇಬೇಕು ಎಂದರೆ ಮೊದಲು ಬಾಯಿ ಮುಚ್ಚುವವನು ಠಕ್ಕನಲ್ಲ, ತೂಕ ಕೇಳಿದವನು.

ಹೆಸರಿನ ಗುಟ್ಟು ಪ್ರಾಣದ ಪ್ರಶ್ನೆಯೂ ಆದೀತು. ಸತ್ಯೇಂದ್ರ ದುಬೆ ಎಂಬ ಇಂಜಿನಿಯರು ಹೆದ್ದಾರಿ ಕಾಮಗಾರಿಯ ಅವ್ಯವಹಾರ ಕುರಿತು 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದರು. ಹೆಸರು ಹೊರಬೀಳದಿರಲಿ ಎಂದು ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸುತ್ತಿತು. 2003ರ ನವೆಂಬರಿನಲ್ಲಿ ಬಿಹಾರದ ಗಯಾದಲ್ಲಿ ಅವರು ಗುಂಡಿಗೆ ಬಲಿಯಾದರು. ಅದು ದರೋಡೆಕೋರರ ಕೃತ್ಯವೆಂದಿತು ಸಿಬಿಐ. 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಆದರೆ ಗುಟ್ಟು ಕಾಯಲಿಲ್ಲವೇಕೆ ಎಂಬ ಪ್ರಶ್ನೆ ದೇಶವನ್ನು ಬಿಡಲಿಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಒಂದು ದಾರಿ ಮಾಡಿತು: ದೂರುದಾರ ಕೇಂದ್ರ ಜಾಗೃತ ಆಯೋಗಕ್ಕೆ ಹೆಸರು ಹೇಳಬೇಕು, ಆಯೋಗ ಅದನ್ನು ಹೊರಗೆ ಬಿಡಕೂಡದು.

ಮರ್ಮ ಇಷ್ಟೇ. ಊರಿಗೆ ಗುಟ್ಟಾಗಿರುವುದು ಬೇರೆ, ಕಾನೂನಿಗೆ ಸಿಗದಿರುವುದು ಬೇರೆ. ವೇಷ ಹಾಕಿ ಮೋಸ ಮಾಡಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸಜೆಯುಂಟು. ಅವನ ಜಾಡು ಹಿಡಿಯಲು ಪೊಲೀಸರು ಕಂಪನಿಯಿಂದ ವಿವರ ಕೇಳಬಹುದು. ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಜಿಲ್ಲೆಯಲ್ಲಿ ಸಿಇಎನ್ ಠಾಣೆಯೂ ಇದೆ. ಠಕ್ಕನನ್ನು ಹಿಡಿಯಲು ಗಿರಾಕಿಯ ನಂಬರು ಊರಿಗೆಲ್ಲ ಕಾಣಬೇಕಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮ ನಾಡಿನವರೇ.

ದಿಲ್ಲಿಯ ಮಾತು ಗಲ್ಲಿಗೆ ಬರಲು ಹೊಸ ಕಾಯ್ದೆ ಬೇಕಿಲ್ಲ. ಗುಂಪಿನ ಅಡ್ಮಿನ್ ಮನಸ್ಸು ಮಾಡಿದರೆ ಸಾಕು. ದೂರನ್ನು ತಾನೊಬ್ಬನೇ ಪಡೆದು, ನಿಜವೇ ಎಂದು ವಿಚಾರಿಸಿ, ಹೆಸರಿಲ್ಲದೆ ಗುಂಪಿಗೆ ಹಾಕಬಹುದು. ಅಡ್ಮಿನ್ನೇ ಅಂಗಡಿಯವನ ಭಾವಮೈದನಾದರೆ? ಆಗ ಬೇರೆ ಗುಂಪು ನೋಡಿಕೊಳ್ಳುವುದೇ ಕ್ಷೇಮ!